ಎಡಕ್ಕೇ ಹೋಗುವ ಚೆಂಡು

ಕೃಷ್ಣರಾಜರು ಈ ಜನ್ಮದಲ್ಲಿ ಹೇಳಿದ ಸುಳ್ಳುಗಳಲ್ಲೆಲ್ಲ ತೀರ ಚಿಕ್ಕದು ಅದು. ಫೋನಿನಲ್ಲಿ ಹೇಳಿದ್ದು, ಎರಡೇ ಮಾತು: "ಆಡ್ತೇನೆ, ಸ್ವಲ್ಪ." ಅಷ್ಟು ಅಂದ ತಪ್ಪಿಗೆ ಅವರು ಅರುವತ್ತರ ಹೊಸ್ತಿಲಲ್ಲಿ ಒಂದು ಕೋಲು ಹಿಡಿದು, ತಮ್ಮದೇ ಹೋಟೆಲಿನ ಮಹಡಿಯಲ್ಲಿ, ಸೀಮಂತದ ಊಟಕ್ಕೆ ಹಾಸುವ ಜಮಖಾನದ ಮೇಲೆ ಬೆನ್ನು ಬಗ್ಗಿಸಿ ನಿಲ್ಲಬೇಕಾಯಿತು. ಸುಳ್ಳು ಎಷ್ಟು ಚಿಕ್ಕದೋ ಅಷ್ಟು ಸೊಂಟನೋವು ಅನ್ನುವುದು ಅವರಿಗೆ ಆಮೇಲೆ ತಿಳಿಯಿತು.

ಫೋನು ಮಾಡಿದವರು ಏಕಾಂತಪ್ಪನವರು. ದಾವಣಗೆರೆ ಕಡೆಯ ಶಿವಾಚಾರದ ಮನೆ. ಅಜ್ಜನ ಕಾಲದಲ್ಲಿ ಕೋಡಂಬಾಕ್ಕಂ ಸ್ಟುಡಿಯೋಗಳಿಗೆ ಪರದೆ ಬಟ್ಟೆ ಮಾರಲು ಬಂದವರು ಅಲ್ಲೇ ಅಂಗಡಿ ಹಾಕಿ ನೆಲೆನಿಂತರು. ಏಕಾಂತಪ್ಪನವರ ಮಗ ಪ್ರಭುದೇವನೂ ಕೃಷ್ಣರಾಜರ ಮಗಳು ಪ್ರಣಮ್ಯಾಳೂ ಒಟ್ಟಿಗೆ ಡಾಕ್ಟರಿಕೆ ಓದಿದವರು, ಮದುವೆಯಾಗುತ್ತೇವೆಂದು ಎರಡೂ ಮನೆಯಲ್ಲಿ ಹೇಳಿ ನಾಲ್ಕು ತಿಂಗಳಾಗಿತ್ತು. ಪ್ರಭುದೇವನ ತಾಯಿ ಶಂಕ್ರಮ್ಮ ಮೊದಲ ದಿನವೇ ಒಪ್ಪಿದರು. ಕೃಷ್ಣರಾಜರ ಹೆಂಡತಿ ತುಂಗಾ ಒಪ್ಪಿದರು. ಕೃಷ್ಣರಾಜರು ಮರ್ಯಾದೆಗೆಂದು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಯಾರೂ ಸಮಾಧಾನ ಮಾಡಲು ಬಾರದೆ ಇದ್ದದ್ದರಿಂದ ತಾವೇ ಒಪ್ಪಿದರು. ಉಳಿದವರು ಏಕಾಂತಪ್ಪನವರೊಬ್ಬರೇ. ಅವರು ಹೌದು ಅನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಮನೆಗೆ ಹೋದರೆ ಬರಮಾಡಿಕೊಂಡು, ಕಾಫಿ ಕೊಟ್ಟು, ಹವಾಮಾನ ಮಾತಾಡಿ ಕಳಿಸಿಕೊಡುತ್ತಿದ್ದರು. ಈ ಕಡೆ ಪ್ರಣಮ್ಯಾ ಒಂದೇ ಹಟ: ಇಬ್ಬರೂ ಅಪ್ಪಂದಿರು ನಗುನಗುತ್ತಾ ಒಪ್ಪದೆ ಹಾರ ಹಾಕುವುದಿಲ್ಲ. ಕೃಷ್ಣರಾಜರಿಗೆ ಅದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಗಿತ್ತು.

ಅಂಥದ್ದರಲ್ಲಿ ಆ ಫೋನು. "ಕೃಷ್ಣರಾಜ್ ಸಾರ್, ಗಾಲ್ಫ್ ಆಡ್ತೀರೇನ್ರಿ? ಆಡ್ತಿದ್ರ ನಮ್ಮ ಕ್ಲಬ್ಬಿಗೆ ಬರ್ರಿ. ಹುಲ್ಲಿನ ಮ್ಯಾಲ ನಿಂತು ಮಾತಾಡೋಣು."

ಇಲ್ಲವೆಂದರೆ ಮಾತೇ ಇಲ್ಲವಾಗುತ್ತದೋ ಎಂಬ ಭಯಕ್ಕೆ ಕೃಷ್ಣರಾಜರು ಆಡ್ತೇನೆ ಅಂದುಬಿಟ್ಟರು.

ಪ್ರಣಮ್ಯಾಳಿಗೆ ವಿಷಯ ತಿಳಿದಾಗ ಅವಳು ಹಣೆ ಚಚ್ಚಿಕೊಂಡಳು. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮದರಾಸಿನದು. "ಅಪ್ಪಾ, ಏನ್ ಪಾ ಇಪ್ಪಡಿ? ಪ್ಲೀಸ್, ಅವರ ಎದುರು ಆಕ್ಟಿಂಗ್ ಬೇಡ. ಅಂಕಲ್‌ಗೆ ಆಕ್ಟಿಂಗ್ ಪಿಡಿಕ್ಕಾದು."

"ಹಿಡಿಸದೆ ಇರ್ಲಿಕ್ಕೆ ಆಕ್ಟಿಂಗ್ ಎಂತದು? ನಾನು ಕಲಿತೇ ಹೋಗ್ತೇನೆ," ಅಂದರು ಕೃಷ್ಣರಾಜರು.

ಕಲಿಸಲು ಸಿಕ್ಕಿದವನು ಸುರೇಶ್. ಪಲ್ಲಾವರಂನ ಆಚೆ, ತಲೆಯ ಮೇಲೆ ವಿಮಾನ ಇಳಿಯುವ ದಾರಿಯಲ್ಲೇ ಇದ್ದ ಒಂದು ಅಭ್ಯಾಸದ ಮೈದಾನದಲ್ಲಿ ಪಾಠ ಹೇಳುವ ಹೊಸೂರಿನ ಹುಡುಗ. ಕೃಷ್ಣರಾಜರು ದೊಡ್ಡ ಕೋಲಿನಿಂದ ಹೊಡೆದ ಮೊದಲ ಹೊಡೆತಕ್ಕೆ ಚೆಂಡು ಕೂತಲ್ಲೇ ಕೂತಿತ್ತು, ಹುಲ್ಲಿನ ಒಂದು ಹೆಂಟೆ ಮಾತ್ರ ದೂರ ಹೋಗಿ ಬಿತ್ತು. ಸುರೇಶ್ ಸ್ವಲ್ಪ ಹೊತ್ತು ಆ ಹೆಂಟೆಯನ್ನೇ ನೋಡಿ, ಒಳ್ಳೆಯ ವೈದ್ಯ ಹೇಳುವ ಹಾಗೆ ಮೆತ್ತಗೆ ಹೇಳಿದ: "ಸಾರ್, ನೀವು ಪಟಿಂಗ್ ಮಾತ್ರ ಕಲೀರಿ. ಮಂಡಿ ನೋವು, ದೊಡ್ಡ ಹೊಡೆತ ಬೇಡ ಅಂತ ಅವರಿಗೆ ಹೇಳಿಬಿಡಿ. ಗ್ರೀನು ಅಂತ ಕುಳಿ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತೆ, ಅದರ ಮೇಲೆ ಚೆಂಡನ್ನ ಉರುಳಿಸಿ ಕುಳಿಗೆ ಹಾಕೋದು, ಅಷ್ಟೇ. ಗಾಲ್ಫಿನ ಅರ್ಧ ಮರ್ಯಾದೆ ಅಲ್ಲೇ ಇರೋದು."

ಹೀಗೆ ಮೊದಲಿನ ಸುಳ್ಳಿಗೆ ಊರುಗೋಲಾಗಿ ಮಂಡಿ ನೋವಿನ ಸುಳ್ಳು ಬಂದು ಸೇರಿತು.

ಪಟಿಂಗ್ ಅಂದರೆ ಏನು ಮಹಾ ಅಂದುಕೊಂಡಿದ್ದರು ಕೃಷ್ಣರಾಜರು. ಪಾಠ ಶುರುವಾದ ಮೇಲೆ ತಿಳಿಯಿತು, ಸುಮ್ಮನೆ ನಿಲ್ಲುವುದಕ್ಕೇ ಇಷ್ಟು ಶಾಸ್ತ್ರವಿದೆ ಎಂದು. ಪಾದಗಳ ನಡುವೆ ಭುಜದಷ್ಟು ಅಂತರ. ಮೈಭಾರ ಎರಡೂ ಕಾಲಿಗೆ ಸಮ. ಚೆಂಡು ನಟ್ಟನಡುವೆ ಅಲ್ಲ, ಎಡಗಾಲಿನ ಕಡೆಗೆ ಒಂದಿಷ್ಟು ಮುಂದೆ. ಕಣ್ಣು ಚೆಂಡಿನ ನೇರ ಮೇಲೆ. ಅದನ್ನು ನೋಡಲು ಸುರೇಶ್ ಅವರ ಮೂಗಿನ ಬುಡದಿಂದ ಇನ್ನೊಂದು ಚೆಂಡು ಬಿಡುತ್ತಿದ್ದ, ಅದು ಕೆಳಗಿನ ಚೆಂಡಿನ ತಲೆಗೇ ಟಕ್ಕೆಂದು ಬೀಳಬೇಕು. ಕೋಲನ್ನು ಹಪ್ಪಳ ಹಿಡಿದ ಹಾಗೆ ಹಿಡಿಯಬೇಕು, ಬಿಗಿಯಬಾರದು. ಮಣಿಕಟ್ಟು ಸತ್ತಂತೆ ಇರಬೇಕು, ಆಡುವುದು ಭುಜ ಮಾತ್ರ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಸುರೇಶ್ ಜಪದ ಹಾಗೆ ಹೇಳುತ್ತಿದ್ದ: "ತಲೆ ಎತ್ತಬೇಡಿ ಸಾರ್. ಚೆಂಡು ಬೀಳೋದು ಕಿವಿಗೆ ಕೇಳ್ಬೇಕು, ಕಣ್ಣಿಗೆ ಕಾಣ್ಬಾರ್ದು."

ಕೃಷ್ಣರಾಜರು ಪ್ರತಿ ವಿಮಾನಕ್ಕೂ ತಲೆ ಎತ್ತುತ್ತಿದ್ದರು. ವಿಮಾನವಿಲ್ಲದಾಗ ಚೆಂಡು ಎಲ್ಲಿಗೆ ಹೋಯಿತೆಂದು ನೋಡಲು ಎತ್ತುತ್ತಿದ್ದರು. ಚೆಂಡು ಹೋಗುತ್ತಿದ್ದದ್ದು ಒಂದೇ ಕಡೆಗೆ, ಎಡಕ್ಕೆ.

ಮೊದಲು ತಪ್ಪೆಲ್ಲ ಪಟರು ಎಂಬ ಆ ಕೋಲಿನದು ಅಂತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಂತ ನಗಬೇಡಿ, ಇಲ್ಲಿ ನೆಲ ನಿಜವಾಗಿಯೂ ಸ್ವಲ್ಪ ಡೊಂಕಿತ್ತು. ಅಂಗಡಿಗೆ ಹೋದವರು "ಒಳ್ಳೇದು, ಉದ್ದದ್ದೇ ಕೊಡಿ" ಎಂದು ಕೇಳಿ ತಂದಿದ್ದರು, ಪಂಚೆ ಕೊಳ್ಳುವ ಲೆಕ್ಕದಲ್ಲಿ. ಆಳು ಗಿಡ್ಡ, ಕೋಲು ಉದ್ದ. ಅವರು ಹಿಡಿದು ನಿಂತರೆ ಪಟರಿನ ಮೂತಿ ನೆಲ ಬಿಟ್ಟು ಮೇಲೇಳುತ್ತಿತ್ತು. "ಇದರ ಮೂತಿ ಎದ್ರೆ ಮುಖ ಎಡಕ್ಕೆ ತಿರುಗ್ತದೆ ಸಾರ್, ಚೆಂಡೂ ಆ ಕಡೆಗೇ," ಎಂದು ಸುರೇಶ್ ಹಿಡಿಕೆಯ ಕಡೆಯಿಂದ ಕೋಲನ್ನು ಕೊಯ್ಯಿಸಿ ಗಿಡ್ಡ ಮಾಡಿಸಿಕೊಟ್ಟ. ಈಗ ಪಟರು ನೆಲಕ್ಕೆ ಚಪ್ಪಟೆಯಾಗಿ ಕೂತಿತು. ಚೆಂಡು ಮಾತ್ರ ಎಡಕ್ಕೇ ಹೋಯಿತು.

ಸುರೇಶ್ ಈಗ ಕೋಲು ಬಿಟ್ಟು ಕೈ ನೋಡಿದ. "ಕಡೇ ಗಳಿಗೇಲಿ ಬಲಗೈ ಮಣಿಕಟ್ಟು ಒಳಕ್ಕೆ ಸುತ್ತುತ್ತೆ ಸಾರ್. ಎಷ್ಟು ನೈಸಾಗಿ ಸುತ್ತುತ್ತೆ ಅಂದ್ರೆ, ಇದು ಇವತ್ತಿನ ಅಭ್ಯಾಸ ಅಲ್ಲ. ಮೊದ್ಲು ಟೇಬಲ್ ಟೆನ್ನಿಸ್ ಏನಾದ್ರೂ ಆಡ್ತಿದ್ರಾ?"

"ಇಲ್ಲಪ್ಪ," ಅಂದರು ಕೃಷ್ಣರಾಜರು. "ನಾನು ಮೊದಲಿಂದಲೂ ಹಾಸ್ಪಿಟಾಲಿಟಿಯಲ್ಲಿ."

ಈ ಹಾಸ್ಪಿಟಾಲಿಟಿ ಎಂಬ ಮಾತನ್ನು ಅವರು ಸುಮ್ಮನೆ ಹಿಡಿದುಕೊಂಡದ್ದಲ್ಲ. ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಬಂದು, ಸಂಬಂಧಿಕರ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು ಅವರು. ಹದಿನೆಂಟು ವರ್ಷ ನಿಂತರು. ನಡುವೆ ಒಂದು ಕಡೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, ಇವರು ಇನ್ನೂ ಅಂಗಳ ದಾಟುವ ಮೊದಲೇ, ಒಲೆ ಮುಂದೆ ಬೆವರುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಒಳಗೆ ಹೇಳಿದ್ದು ಕಿವಿಗೆ ಬಿದ್ದಿತ್ತು. ಆ ಮಾತು ಒಳಗೆಲ್ಲೋ ಮುಳ್ಳಾಗಿ ಉಳಿದುಬಿಟ್ಟಿತು. ಸ್ವಂತ ಹೋಟೆಲು ಬಂತು, ಕೀಲ್ಪಾಕ್‌ನಲ್ಲಿ ಹೆಸರೂ ಬಂತು, ಅವರು ಅಡುಗೆಮನೆಗೆ ಬೆನ್ನು ಹಾಕಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು. ಕಾವಲಿಯ ಹತ್ತಿರ ಆಮೇಲೆ ಹೋದದ್ದಿಲ್ಲ. ಯಾರಾದರೂ ಕೇಳಿದರೆ ಹೋಟೆಲು ಎಂಬ ಮಾತೂ ಬಾಯಿಗೆ ಬರುತ್ತಿರಲಿಲ್ಲ. ಏಕಾಂತಪ್ಪನವರ ಮನೆಯ ಸೋಫಾದ ಮೇಲೆ ಕೂತಾಗಲಂತೂ ಒಂದು ಕಾಫಿ ಮುಗಿಯುವುದರೊಳಗೆ ನಾಲ್ಕು ಸಲ ಹಾಸ್ಪಿಟಾಲಿಟಿ ಬರುತ್ತಿತ್ತು.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮಹಡಿಯಲ್ಲಿ ಅಭ್ಯಾಸ. ಜಮಖಾನದ ಆ ತುದಿಯಲ್ಲಿ ಒಂದು ಸ್ಟೀಲ್ ಲೋಟ ಅಡ್ಡ ಮಲಗಿರುತ್ತಿತ್ತು, ಅದೇ ಕುಳಿ. ಚೆಂಡು ಲೋಟದ ಎಡಗಡೆಯಿಂದ ಹಾದು ಹೋಗಿ ಮೇಜಿನ ಕಾಲಿಗೆ ಬಡಿದು ಟಣ್ ಅನ್ನುತ್ತಿತ್ತು. ಕೆಳಗೆ ಸಪ್ಲೈಯರುಗಳು ಆ ಟಣ್‌ಗಳನ್ನು ಕೇಳಿ ಮುಸಿಮುಸಿ ನಗುತ್ತಿದ್ದರು. ಒಂದು ದಿನ ಚಹಾ ತಂದ ತುಂಗಾ ಬಾಗಿಲಲ್ಲೇ ನಿಂತು ನೋಡಿದರು. ಒಂದು ಹೊಡೆತ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಚಹಾದ ಲೋಟ ಮೇಜಿನ ಮೇಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯ ಮೇಲೆ ಕುಸಿದರು.

"ಎಂತ ನಗು ಅದು?" ಕೃಷ್ಣರಾಜರು ಸೆಟೆದರು.

"ಅಯ್ಯೋ ದೇವರೇ, ನೀವು ಚೆಂಡು ಹೊಡೀತಾ ಇರುದಲ್ಲ ಮಾರಾಯ್ರೆ! ದೋಸೆ ಹೊಯ್ತಾ ಇದ್ದೀರಿ!"

ಕೃಷ್ಣರಾಜರು ತಮ್ಮ ಬಲಗೈಯನ್ನು ನೋಡಿಕೊಂಡರು. ಇನ್ನೊಮ್ಮೆ ಚೆಂಡಿಲ್ಲದೆ ಪಟರನ್ನು ಆಡಿಸಿದರು. ಕೈ ಹೋಗಿ, ಕೊನೆಯಲ್ಲಿ ಸೌಟಿನ ಹಾಗೆ ಒಳಕ್ಕೆ ಸುತ್ತಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟಿದ್ದೂ ಅಲ್ಲ, ಸುಟ್ಟುಕೊಂಡೇ ಕಲಿತ ಗುಣ.

"ಮಣಿಕಟ್ಟಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ," ಅಂದರು ತುಂಗಾ, ಕಣ್ಣೊರೆಸಿಕೊಳ್ಳುತ್ತಾ. "ಕಾವಲಿ ಓರೆ ಇದ್ರೆ ನೀವು ಒಲೆ ಒಡೀತಿದ್ರಾ? ಸ್ವಲ್ಪ ಆಚೆ ತಿರುಗಿ ನಿಲ್ತಿದ್ರಿ. ಹಾಗೇ ಮಾಡಿ. ಲೋಟದ ಬಲಗಡೆಗೆ ಮುಖ ಮಾಡಿ ನಿಲ್ಲಿ, ಕೈ ಅದರ ಪಾಡಿಗೆ ಸುತ್ತಲಿ."

"ಏಕಾಂತಪ್ಪನವರ ಎದುರು ನಾನು ದೋಸೆ ಭಟ್ಟನ ಹಾಗೆ ನಿಲ್ಲಬೇಕಾ? ಈ ಮಾತು ಈ ಮಹಡಿ ದಾಟಿ ಹೋಗಬಾರದು, ಹೇಳಿದ್ದೇನೆ."

"ಅಷ್ಟು ನಾಚಿಕೆಯಾ? ನನ್ನ ಅಪ್ಪ ನಿಮ್ಮ ಎರಡು ದೋಸೆ ತಿಂದೇ ನನ್ನನ್ನು ಕೊಟ್ಟದ್ದು. ಮೂರನೆಯದು ತಿಂದಿದ್ರೆ ತಂಗಿಯನ್ನೂ ಕೊಡ್ತಿದ್ರೋ ಏನೋ."

ಕೃಷ್ಣರಾಜರು ನಗಲಿಲ್ಲ. ನಾಚಿಕೆ ತನಗಾಗಿ ಅಲ್ಲ ಎಂದು ಹೇಳಬೇಕೆನಿಸಿತು. ತನ್ನ ಕೈಯ ಬೆವರು ಮಗಳ ಮದುವೆಗೆ ಅಡ್ಡ ಬಂದರೆ ಆ ಮುಳ್ಳು ಅವಳಿಗೂ ಚುಚ್ಚುತ್ತದಲ್ಲ ಎಂಬ ಭಯ. ಚಹಾ ಕುಡಿದು ಮತ್ತೆ ಬಗ್ಗಿದರು.

ಗೊತ್ತುಮಾಡಿದ್ದ ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಹೋದಾಗ ಕೃಷ್ಣರಾಜರ ಮೈಮೇಲೆ ಹೊಸ ಟಿ-ಶರ್ಟು, ತಲೆಯ ಮೇಲೆ ಹೊಸ ಟೋಪಿ, ಮಂಡಿಯಲ್ಲಿ ಹೊಸ ನೋವು. ಏಕಾಂತಪ್ಪನವರು ಹಣೆಗೆ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆಗಲೇ ಬಂದು ನಿಂತಿದ್ದರು. ಮಂಡಿಯ ವಿಷಯ ಕೇಳಿ, "ಹಂಗಾರ ಪಟಿಂಗ್ ಗ್ರೀನಿನಾಗ ಆಡೋಣು ಬರ್ರಿ. ಬಿಸ್ಲೂ ಏರ್ತೈತಿ," ಎಂದು ಸುಲಭವಾಗಿ ಒಪ್ಪಿಕೊಂಡರು. ಕೃಷ್ಣರಾಜರಿಗೆ ಅರ್ಧ ಜೀವ ಬಂತು.

ಏಕಾಂತಪ್ಪನವರು ಆಡುವ ರೀತಿಯೇ ಒಂದು ಪೂಜೆ. ಬಗ್ಗಿದಾಗ ಕೊರಳಲ್ಲಿದ್ದ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಹೊರಗೆ ಜಾರುತ್ತಿತ್ತು. ಪ್ರತಿ ಸಲವೂ ಅದನ್ನು ಎರಡೂ ಕೈಯಿಂದ ಅಂಗಿಯೊಳಗೆ ಇಟ್ಟು, ಗುಂಡಿ ಹಾಕಿ, ಆಮೇಲೆಯೇ ಪಟರು ಹಿಡಿಯುವುದು. ತಲೆ ಅಲುಗುತ್ತಿರಲಿಲ್ಲ. ಹತ್ತರಲ್ಲಿ ಏಳೆಂಟು ಕುಳಿಗೆ ಬೀಳುತ್ತಿದ್ದವು.

ಕೃಷ್ಣರಾಜರದು ಒಂದೂ ಬೀಳಲಿಲ್ಲ. ಪಾದ ಅಳೆದು ನಿಂತರು, ಹಪ್ಪಳ ಹಿಡಿದ ಹಾಗೆ ಹಿಡಿದರು, ಮಣಿಕಟ್ಟನ್ನು ಬೇಡಿಕೊಂಡರು. ಎಡಕ್ಕೆ. ಮತ್ತೂ ಎಡಕ್ಕೆ. ಬೆವರು ಟೋಪಿಯೊಳಗಿಂದ ಇಳಿದು ಕಣ್ಣಿಗೆ ಬಂತು. ಆ ಗಡಿಬಿಡಿಯಲ್ಲಿ ಚೆಂಡು ತರಲು ಹೋಗುವಾಗ ಬಲಗಾಲು ಕುಂಟಿದವರು ಬರುವಾಗ ಎಡಗಾಲು ಕುಂಟಿದರು. ಏಕಾಂತಪ್ಪನವರು ಕಾಲನ್ನು ಒಮ್ಮೆ ನೋಡಿದರು. ಆಮೇಲೆ ಅವರು ಚೆಂಡು ನೋಡುವುದನ್ನೇ ಬಿಟ್ಟು ಕೃಷ್ಣರಾಜರ ಕೈ ನೋಡತೊಡಗಿದರು. ಅದು ಕೃಷ್ಣರಾಜರಿಗೂ ಗೊತ್ತಾಯಿತು. ಮದುವೆಯ ಮಾತು ಇನ್ನೂ ಶುರುವೇ ಆಗಿರಲಿಲ್ಲ.

ಕೊನೆಗೆ ಏಕಾಂತಪ್ಪನವರು ಅಂದರು: "ಇದೊಂದು ಹಾಕಿಬಿಡ್ರಿ. ಆಮ್ಯಾಲ ನೆಳ್ಳಿನಾಗ ಕುಂತು ಮಾತಾಡೋಣು."

ಕುಳಿ ತೀರ ದೂರವೇನೂ ಇರಲಿಲ್ಲ. ಕೃಷ್ಣರಾಜರು ಚೆಂಡಿನ ಮುಂದೆ ನಿಂತು ನೋಡಿದರು. ಸುರೇಶ್ ಹೇಳಿದ ಹಾಗೆ ಹೊಡೆದರೆ ಎಡಕ್ಕೆ ಹೋಗುವುದು ಸೂರ್ಯ ಹುಟ್ಟಿದಷ್ಟು ಖಂಡಿತ. ಇಷ್ಟು ಹೊತ್ತು ಮಾನ ಕಳೆದುಕೊಂಡದ್ದಾಯಿತು, ಇನ್ನು ಕಳೆದುಕೊಳ್ಳಲು ಏನುಂಟು? ತುಂಗಾ ಹೇಳಿದ ಮಾತು ನೆನಪಾಯಿತು. ಮೆಲ್ಲಗೆ ಪಾದ ಸರಿಸಿ, ಕುಳಿಯ ಬಲಗಡೆಗೆ ಓರೆಯಾಗಿ ತಿರುಗಿ ನಿಂತರು. ಹಾಗೆ ನಿಂತದ್ದೇ ತಡ, ಸೊಂಟಕ್ಕೆ ಏನೋ ಹಿತವಾಯಿತು. ಹೆಗಲು ತಾನಾಗಿ ಇಳಿಯಿತು. ಕಣ್ಣು ಕೆಳಗೆ ನಾಟಿತು. ಆಮೇಲೆ ಅವರ ಎಡಗೈ, ಅವರನ್ನು ಕೇಳದೆ ಪಟರು ಬಿಟ್ಟು, ಬೆರಳುಗಳನ್ನು ಹುಲ್ಲಿನ ಮೇಲೆ ಚಿಮ್ಮಿಸಿತು, ಕಾದ ಕಾವಲಿಗೆ ನೀರು ಚಿಮುಕಿಸುವ ಹಾಗೆ. ಕಿವಿ ಒಂದು ಕ್ಷಣ ಆ ಚುಯ್ ಎನ್ನುವ ಸದ್ದಿಗೂ ಕಾಯಿತು. ಬಲಗೈ ಹೋಗಿ ಸುತ್ತಿತು.

ಚೆಂಡು ಬಲಕ್ಕೆ ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿದ ಹಾಗೆ ಎಡಕ್ಕೆ ಬಾಗಿ ಹೋಗಿ ಕುಳಿಗೆ ಬಿತ್ತು. ಕೃಷ್ಣರಾಜರು ತಲೆ ಎತ್ತಲಿಲ್ಲ. ಸದ್ದು ಕಿವಿಗೆ ಕೇಳಿತು.

"ಸಾರ್," ಅಂದರು ಏಕಾಂತಪ್ಪನವರು. "ಈಗ ಎಡಗೈಲೆ ನೀರು ಚಿಮುಕಿಸಿದ್ರಲ್ಲ, ಅದನ್ನ ಯಾವ ಕೋಚು ಕಲಿಸಿದ್ದು?"

ಕೃಷ್ಣರಾಜರು ಯಾವುದಾದರೂ ಇಂಗ್ಲಿಷ್ ಹೆಸರು ಹೇಳಿ ಪಾರಾಗಬಹುದಿತ್ತು, ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಆದರೆ ಚೆಂಡು ಬಿದ್ದ ಆ ಸದ್ದು ಇನ್ನೂ ಕಿವಿಯಲ್ಲಿತ್ತು. ಎಷ್ಟೋ ವರ್ಷಗಳಿಂದ ಅವರ ಕೈಯಿಂದ ಅಷ್ಟು ಸರಿಯಾದ ಕೆಲಸ ಆಗಿರಲಿಲ್ಲ. ಆ ಕೈಯನ್ನು ಈಗ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಕೋಚ್ ಅಲ್ಲ. ಕಾವಲಿ," ಅಂದರು. "ಹದಿನೆಂಟು ವರ್ಷ ದೋಸೆ ಹೊಯ್ದವ ನಾನು. ಗಾಲ್ಫ್ ನನಗೆ ಬರುದಿಲ್ಲ. ಮಂಡಿಗೂ ಏನೂ ಆಗಲಿಲ್ಲ. ನೀವು ದೊಡ್ಡ ಜನ, ದೋಸೆ ಭಟ್ಟನ ಮಗಳು ಅಂತ ಎಲ್ಲಿ ಬೇಡ ಹೇಳ್ತೀರೋ ಅಂತ ಹೆದರಿದೆ. ಸುಳ್ಳು ನನ್ನದು ಏಕಾಂತಪ್ಪನವರೇ, ಅವಳದ್ದು ಒಂದೂ ಇಲ್ಲ. ಅವಳನ್ನು ಬೇಡ ಅನ್ನಬೇಡಿ."

ಏಕಾಂತಪ್ಪನವರು ಕುಳಿಯೊಳಗಿನ ಚೆಂಡನ್ನು ತೆಗೆದು, ಮಣ್ಣೊರೆಸಿ, ಕೃಷ್ಣರಾಜರ ಬಲಗೈಯಲ್ಲೇ ಇಟ್ಟರು.

"ನಾಕು ತಿಂಗ್ಳಾತು, ನೀವು ನಮ್ಮ ಮನಿಗೆ ಬಂದಾಗೆಲ್ಲ ಹಾಸ್ಪಿಟಾಲಿಟಿ, ಹಾಸ್ಪಿಟಾಲಿಟಿ. ಒಂದಿನಾನೂ ಹೋಟ್ಲು ಅನ್ನಲಿಲ್ಲ. ನಾನು ಇವತ್ತಿಗೂ ಅಂಗಡ್ಯಾಗ ಗಜಕೋಲು ಹಿಡ್ದು ಬಟ್ಟಿ ಅಳೀತೀನ್ರಿ. ತಮ್ಮ ಕೆಲ್ಸದ ಹೆಸ್ರು ಹೇಳಾಕ ನಾಚೋರ ಮನಿ ಹುಡುಗಿ, ನಾಳೆ ನಮ್ಮ ಅಂಗಡಿ ಹೆಸ್ರು ಹೇಳಾಕೂ ನಾಚ್ಯಾಳು ಅಂತ ಬಾಯಿ ಬಿಗಿಹಿಡ್ದಿದ್ದೆ. ನನಗ ಅಡ್ಡಿ ಇದ್ದದ್ದು ಅದೊಂದ ನೋಡ್ರಿ."

ಕೃಷ್ಣರಾಜರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಯಾವ ಮಾತು ಮುಚ್ಚಿಟ್ಟರೆ ಮಗಳ ಮದುವೆ ಆಗುತ್ತದೆಂದು ನಂಬಿದ್ದರೋ, ಅದನ್ನು ಮುಚ್ಚಿಟ್ಟದ್ದಕ್ಕೇ ಮದುವೆ ನಿಂತಿತ್ತು. ನಾಲ್ಕು ತಿಂಗಳು ಆ ಹುಡುಗಿ ಫೋನು ಬಂದಾಗೆಲ್ಲ ಎದ್ದು ಓಡುತ್ತಿದ್ದದ್ದು ಕಣ್ಣ ಮುಂದೆ ಬಂತು. ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳಬೇಕೆನಿಸಿತು. ಹೊಡೆದಿದ್ದರೆ ಆ ಏಟೂ ಎಡಕ್ಕೇ ಹೋಗುತ್ತಿತ್ತೋ ಏನೋ.

"ಏಳ್ರಿ, ಏಳ್ರಿ. ದಾವಣಗೆರಿಯವನ ಮುಂದ ದೋಸಿ ಮಾತು ತಗದೀರಿ, ಬಾಯಾಗ ಹೇಳಿದ್ರ ಮುಗೀತೇನು?" ಏಕಾಂತಪ್ಪನವರು ಕೈ ಚಾಚಿದರು. "ನಿಮ್ಮ ಹೋಟ್ಲಿಗೆ ನಡೀರಿ, ಬೀಗರ."

ಕೃಷ್ಣರಾಜರು ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳಬೇಕೆಂದುಕೊಂಡರು. ಬದಲಿಗೆ ಆ ಚಾಚಿದ ಕೈ ಹಿಡಿದು ಎದ್ದರು.

ಅವತ್ತು ಭಾನುವಾರದ ತಿಂಡಿಯ ಜನಜಂಗುಳಿಯ ನಡುವೆ, ಗಾಲ್ಫ್ ಟೋಪಿ ಹಾಕಿಕೊಂಡ ಯಜಮಾನರು ನೇರ ಅಡುಗೆಮನೆಗೆ ನಡೆದು ಕಾವಲಿಯ ಮುಂದೆ ನಿಂತದ್ದನ್ನು ಕಂಡು ಸಪ್ಲೈಯರುಗಳು ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಗಲ್ಲಾದಲ್ಲಿದ್ದ ತುಂಗಾ ಎದ್ದು ಬಂದರು. ಅವರ ಹಿಂದೆ ಪ್ರಣಮ್ಯಾ ಬಂದಳು. ಅಪ್ಪನ ಪಕ್ಕ ಗೋಡೆಗೊರಗಿ ನಿಂತಿದ್ದ ಏಕಾಂತಪ್ಪನವರನ್ನು ಕಂಡು ಅವಳ ಮುಖ ಬಿಳುಚಿತು.

"ಅಪ್ಪಾ, ಎನ್ನಾಚು?"

ಕೃಷ್ಣರಾಜರು ಪಾದ ಅಗಲಿಸಿ, ಸ್ವಲ್ಪ ಓರೆಯಾಗಿ ನಿಂತರು. ಎಡಗೈ ನೀರು ಚಿಮುಕಿಸಿತು. ಈ ಸಲ ಕಾವಲಿ ಚುಯ್ ಎಂದು ಉತ್ತರ ಕೊಟ್ಟಿತು. ಸೌಟಿನ ಹಿಟ್ಟು ನಡುವೆ ಬಿತ್ತು, ಮಣಿಕಟ್ಟು ಸುತ್ತಿತು, ಇಷ್ಟು ದಿನ ಬೈಸಿಕೊಂಡ ಆ ಸುತ್ತು, ಮತ್ತು ದೋಸೆ ಗುಂಡಗೆ, ತೆಳ್ಳಗೆ ಅಂಚಿನವರೆಗೆ ಹರಡಿತು.

"ಏನಾತು ಅಂತೀಯೇನವ್ವಾ?" ಏಕಾಂತಪ್ಪನವರು ಪ್ರಣಮ್ಯಾಳ ಕಡೆ ತಿರುಗಿದರು. "ನಿಮ್ಮಪ್ಪಗ ಗಾಲ್ಫ್ ಬರೂದಿಲ್ಲ. ಆದ್ರ ಬೀಗತನ ಮಾಡಾಕ ಅಡ್ಡಿಯಿಲ್ಲ. ಬೀಗರ, ಬೆಣ್ಣಿ ಮುಂದ ಬರ್ಲಿ. ನಿಮ್ಮ ಉಡುಪಿ ಕಡೆಯೋರು ಬೆಣ್ಣಿ ಹಾಕೂದ್ರಾಗ ಭಾಳ ಜಿಪುಣರು."

ಪ್ರಣಮ್ಯಾ ಹೋಗಿ ಹಿಂದಿನಿಂದ ಅಪ್ಪನ ಬೆನ್ನಿಗೆ ಹಣೆಯಿಟ್ಟು ನಿಂತಳು. ಟಿ-ಶರ್ಟಿನ ಮೂಲಕ ಅವಳ ಬಿಸಿಯುಸಿರು ತಾಗುತ್ತಿತ್ತು.

"ಇಲ್ಲಿ ನೋಡಿ ಸ್ವಲ್ಪ, ಮಾರಾಯ್ರೆ," ತುಂಗಾ ಕೆಣಕಿದರು. "ಬೀಗರು ಮಾತಾಡ್ತಾ ಇದ್ದಾರೆ, ತಲೆ ಎತ್ತಿ ನೋಡ್ಲಿಕ್ಕೆ ಆಗುದಿಲ್ವಾ?"

"ಎತ್ತಬಾರದು," ಅಂದರು ಕೃಷ್ಣರಾಜರು, ದೋಸೆಯನ್ನೇ ನೋಡುತ್ತಾ. "ಸುರೇಶ್ ಹೇಳಿದ್ದಾನೆ." ಎತ್ತಿದ್ದರೆ ಅವರ ಕಣ್ಣು ಎಲ್ಲರಿಗೂ ಕಾಣುತ್ತಿತ್ತು.